ಇಪ್ಪತ್ತು ವೃತ್ತ, ಒಂದು ರೊಟ್ಟಿ

ವೃತ್ತ ಎಂದರೇನು ಎಂದು ನಿದ್ದೆಯಲ್ಲಿ ಕೇಳಿದರೂ ನಾನು ಹೇಳಬಲ್ಲೆ. ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಕಟ್ಟಿಗೆಯ ದೊಡ್ಡ ಕೈವಾರಕ್ಕೆ ಸೀಮೆಸುಣ್ಣ ಸಿಕ್ಕಿಸಿ ಕರಿಹಲಗೆಯ ಮೇಲೆ ನಾನು ಎಳೆದ ವೃತ್ತಗಳಿಗೆ ಲೆಕ್ಕವಿಲ್ಲ. ಆದರೆ ಆ ಕೈವಾರವಿಲ್ಲದೆ ಒಂದೇ ಒಂದು ವೃತ್ತ ಎಳೆಯುವುದಕ್ಕೂ ನನಗೆ ಬರುವುದಿಲ್ಲ ಎಂಬ ಸತ್ಯ ಗೊತ್ತಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ.

ತಪ್ಪೆಲ್ಲ ಬಾದಾಮಿಯದು. ಬಳಗದವರ ಮದುವೆಗೆ ಹೋದವನು ಊಟ ಜೀರ್ಣವಾಗಲೆಂದು ಕೆರೆಯ ಕಡೆ ನಡೆದೆ. ಅಲ್ಲಿ ಮೆಟ್ಟಿಲ ಮೇಲೆ ಕುಳಿತ ನಾಲ್ಕಾರು ಯುವಕರು ಎದುರಿನ ಗುಡ್ಡವನ್ನೂ ಗುಡಿಯನ್ನೂ ಸರಸರನೆ ಹಾಳೆಗೆ ಇಳಿಸುತ್ತಿದ್ದರು. ಇದರಲ್ಲೇನು ಮಹಾ, ಎಲ್ಲ ರೇಖಾಗಣಿತವೇ ಅಲ್ಲವೇ ಎನಿಸಿತು. ಊರಿಗೆ ಬಂದವನೇ ಸವಿತಾಳ ಭಾನುವಾರದ ಚಿತ್ರಕಲೆಯ ತರಗತಿಗೆ ಸೇರಿಬಿಟ್ಟೆ. ಸವಿತಾ ನಮ್ಮ ಓಣಿಯ ನೇಕಾರರ ಮನೆಯ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ಒಂಬತ್ತನೆಯ ತರಗತಿಯಲ್ಲಿ ಗೆಳತಿಯ ಲೆಕ್ಕ ನಕಲು ಮಾಡಿ ನನ್ನ ಕೈಗೆ ಸಿಕ್ಕಿಬಿದ್ದವಳು. ನಕಲು ಹಿಡಿಯುವುದರಲ್ಲಿ ನನಗೆ ಅಷ್ಟು ಹೆಸರಿತ್ತು. "ಸರಿ ಉತ್ತರ ಎಲ್ಲಾರಿಗೂ ಒಂದ. ತಪ್ಪು ಮಾತ್ರ ಅವರವರದು. ಇಬ್ಬರ ತಪ್ಪೂ ಒಂದ ಆತಂದ್ರ ಅದು ಕಾಪಿ!" ಎಂದು ಪ್ರತಿ ವರ್ಷ ಮೊದಲ ದಿನವೇ ಸಾರುತ್ತಿದ್ದೆ. ಸಿಕ್ಕವರ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ "ಸ್ವಂತ ಕೆಲಸವಲ್ಲ. ಪಾಲಕರ ಸಹಿ ತರುವುದು" ಎಂದು ಬರೆಯುತ್ತಿದ್ದೆ. ಹಾಗೆ ಬರೆಯುವಾಗ ನನಗೆ ಸಿಗುತ್ತಿದ್ದ ಸಂತೋಷವನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಬಾದಾಮಿಯ ಹದಿನೆಂಟು ಕೈಯ ನಟರಾಜನನ್ನು ಬಿಡಿಸುವ ಆಸೆ ನನಗಿದೆ ಎಂದು ಮೊದಲ ದಿನವೇ ಸವಿತಾಳಿಗೆ ತಿಳಿಸಿದೆ. "ಆಗ್ಲಿ ಸರ್. ಮೊದಲ ನಿಮ್ಮದೊಂದ ಕೈ ಹಿಡಿತಕ್ಕ ಬರ್ಲಿ" ಎಂದು ಹಾಳೆ ಕೊಟ್ಟು ಬರಿಗೈಯಲ್ಲಿ ವೃತ್ತ ಎಳೆಯಲು ಹೇಳಿದಳು. ಎಳೆದೆ. ನೋಡಿ ನಾನೇ ದಂಗಾದೆ. ಪಕ್ಕದಲ್ಲಿದ್ದ ನಾಲ್ಕನೆಯ ತರಗತಿಯ ಹುಡುಗಿ ಬಗ್ಗಿ ನೋಡಿ, "ಅಜ್ಜಾರ, ಬದನಿಕಾಯಿ ಚೊಲೊ ಬಂದೈತ್ರಿ" ಎಂದು ಮೆಚ್ಚಿಕೊಂಡಳು. ಸವಿತಾ ನಗಲಿಲ್ಲ. ಮುಂದಿನ ವಾರಕ್ಕೆ ಹಾಳೆಗೊಂದರಂತೆ ಇಪ್ಪತ್ತು ವೃತ್ತ ಎಳೆದು ತರಬೇಕು ಎಂದಳಷ್ಟೆ.

ಮೂರು ದಿನ ಪ್ರಾಮಾಣಿಕವಾಗಿ ಒದ್ದಾಡಿದೆ. ಬದನೆಕಾಯಿ ಹೋಗಿ ಶೇಂಗಾ ಬಂತು, ವೃತ್ತ ಬರಲಿಲ್ಲ. ಕೈವಾರ ಹಿಡಿದರೆ ನಡುವೆ ಮೊಳೆಯ ತೂತು ಬಿದ್ದು ಕಳ್ಳತನ ಬಯಲಾಗುತ್ತದೆ. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ಬುಟ್ಟಿಯಲ್ಲಿದ್ದ ಕಡಕ್ ಜೋಳದ ರೊಟ್ಟಿಗಳು ಕಣ್ಣಿಗೆ ಬಿದ್ದವು. ನನ್ನ ಹೆಂಡತಿ ನೀಲಮ್ಮ ಬಡಿದ ರೊಟ್ಟಿ ಎಂದರೆ ಅಷ್ಟು ದುಂಡು. ಅವಳು ಹಿತ್ತಲಿಗೆ ಹೋದಾಗ ಒಂದೊಂದೇ ರೊಟ್ಟಿಯನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಆಡಿಸಿ ನೋಡಿ, ಎಲ್ಲಕ್ಕಿಂತ ದುಂಡಾದದ್ದನ್ನು ಆರಿಸಿಕೊಂಡು, ಉಳಿದವನ್ನು ಬುಟ್ಟಿಗೆ ಸೇರಿಸಿದೆ. ಕೆಲಸ ಶುರುವಾಗುತ್ತಲೇ ಆ ರೊಟ್ಟಿಯ ಅಂಚಿನಿಂದ ಚೂರೊಂದು ಮುರಿಯಿತು. ಅದನ್ನು ಬಾಯಿಗೆ ಹಾಕಿಕೊಂಡು, ಹಾಳೆ ಬದಲಿಸಿದಾಗಲೆಲ್ಲ ರೊಟ್ಟಿಯನ್ನು ಅಳೆದು ಅದೇ ಜಾಗಕ್ಕಿಟ್ಟು ಮುಂದುವರಿದೆ. ಗೆರೆ ಅಲ್ಲಿ ತುಸು ಒಳಗೆ ಸರಿದದ್ದು ಬರಿಗೈಯ ಸಹಜ ಸೊಗಸು ಎಂದೇ ತೋರಿತು.

ಭಾನುವಾರ ಸವಿತಾ ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನಾಲ್ಕು ನಾಲ್ಕನ್ನು ಒಟ್ಟಿಗೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಪ್ರತಿ ಸಲವೂ ವೃತ್ತಗಳು ಒಂದರ ಮೇಲೊಂದು ಕುಳಿತವು, ಇಪ್ಪತ್ತಕ್ಕೂ ಅದೇ ಜಾಗದಲ್ಲಿ ಅದೇ ತಗ್ಗು!

"ಸರ್," ಎಂದಳು ಮೆಲ್ಲಗೆ, "ತಪ್ಪು ಒಂದ ಆತಂದ್ರ ಏನಂತಿದ್ರಿ ನೀವು?"

ಮೂವತ್ತು ವರ್ಷ ಗಳಿಸಿದ ಮರ್ಯಾದೆ ಒಂದು ಚೂರು ರೊಟ್ಟಿಯಿಂದ ಹೋಯಿತು. ಅವಳು ಕೊನೆಯ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಏನು ಬರೆದಳೆಂದು ನಾನು ಹೇಳಬೇಕಾಗಿಲ್ಲ.

ನನ್ನ ಪಾಲಕರು ತೀರಿಕೊಂಡು ಎಷ್ಟೋ ವರ್ಷಗಳಾದವು. ಈಗಿನ ಪಾಲಕಿ ಒಬ್ಬಳೇ. ಆ ಹಾಳೆಯನ್ನು ನೀಲಮ್ಮನ ಮುಂದೆ ಹಿಡಿದು ತಲೆತಗ್ಗಿಸಿ ಎಲ್ಲ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ನಗುತ್ತಾಳೆಂದುಕೊಂಡಿದ್ದೆ.

"ಅಯ್ಯ ಶಿವನ! ರೊಟ್ಟಿ ಅಂಚ ಕರ್ರಗ ಮಾಡಿದವ್ರು ನೀವಾ? ಹಂಚು ಕೆಟ್ಟೈತಿ ಅಂತ ನಾ ಎರಡ ದಿನ ತಿಕ್ಕಿ ತಿಕ್ಕಿ ರಟ್ಟಿ ಬಿದ್ದು ಹೋದ್ವಲ್ರೀ! ಬಾಜೂಮನಿಯಾಕಿಗೆ ಬ್ಯಾರೆ ಕೊಟ್ಟೇನಿ ನಾಕ ರೊಟ್ಟಿ!"

ನಾನು ಹೌಹಾರಿದೆ. ಅವಳು ಹಂಚು ತಿಕ್ಕುವಾಗ "ಇನ್ನಷ್ಟು ಜೋರಾಗಿ ತಿಕ್ಕು" ಎಂದು ಸಲಹೆ ಕೊಟ್ಟವನೂ ನಾನೇ. ಅದನ್ನು ನೆನೆದು ನಿಜಕ್ಕೂ ನಾಚಿಕೆಯಾಯಿತು.

"ಇದೊಂದ ದುಂಡನ ಗೆರಿ ಹೊಡಿಯಾಕ ಇಷ್ಟೆಲ್ಲಾ ಬೇಕಿತ್ತಾ? ರೊಟ್ಟಿ ಬಡಿಯೋ ಮುಂದ ನಾ ಅಂಚ ನೋಡೂದಿಲ್ಲ, ನಡುವ ನೋಡತೇನಿ. ಅಂಚ ತಾನ ಬರ್ತೈತಿ" ಎಂದವಳೇ ಹಾಳೆಯನ್ನು ತಿರುವಿ, ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡು, ತೋಳನ್ನು ಒಮ್ಮೆ ತಿರುಗಿಸಿದಳು. ವೃತ್ತ! ಕೈವಾರಕ್ಕೇ ಹೊಟ್ಟೆಕಿಚ್ಚಾಗುವಂಥ ವೃತ್ತ. ಅದರ ನಟ್ಟನಡುವೆ ಸಹಿ ಹಾಕಿ ರೊಟ್ಟಿ ಬಡಿಯಲು ಹೋದಳು.

ಮುಂದಿನ ಭಾನುವಾರ ಸವಿತಾ ಹಾಳೆಯ ಎರಡೂ ಬದಿ ನೋಡಿ ಇಪ್ಪತ್ತಕ್ಕೆ ಒಂದು ಅಂಕ ಕೊಟ್ಟಳು. ಮನೆಗೆ ಬಂದು ಅದನ್ನು ನೀಲಮ್ಮನಿಗೆ ತೋರಿಸಿದೆ. ಅವಳು ಹಿಟ್ಟಿನ ಕೈಯಲ್ಲೇ ಹಾಳೆಯನ್ನು ತಿರುಗಿಸಿ ನೋಡಿ, "ಈ ಒಂದೂ ನಂದ ಅಲ್ಲೇನ್ರಿ?" ಎಂದಳು. ಜೀವಮಾನವಿಡೀ ಅಂಕ ಕೊಟ್ಟ ನಾನು ಸೊನ್ನೆ ಪಡೆದದ್ದು ಇದೇ ಮೊದಲು. ಕನಿಷ್ಠ ಅದನ್ನಾದರೂ ನಾನು ಯಾರಿಂದಲೂ ನಕಲು ಮಾಡಿಲ್ಲ.