ನಂಜುಂಡಸ್ವಾಮಿಯವರ ಸೊನ್ನೆ

ಎಲ್ಲಕ್ಕೂ ಕಾರಣ ಒಂದು ಸೊನ್ನೆ. ‘ನಂಜುಂಡಸ್ವಾಮಿ’ ಎಂಬ ಹೆಸರಿನ ಮೊದಲ ಅಕ್ಷರದ ಪಕ್ಕದಲ್ಲಿ ದುಂಡಗೆ ಕೂರಬೇಕಾಗಿದ್ದ ಆ ಸೊನ್ನೆ, ತೇಗದ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಳಿಮೊಟ್ಟೆಯಂತೆ ಮೂಡಿತ್ತು.

ವಸಂತ್ ಹಲಗೆ ನೋಡಿದ, ಗಡಿಯಾರ ನೋಡಿದ. ಹತ್ತೂವರೆ. ಮೂರು ಗಂಟೆಗೆ ಆ ಹೆಸರಿನ ಯಜಮಾನರೇ ಹಂಪಾಪುರದಿಂದ ಪಿರಿಯಾಪಟ್ಟಣಕ್ಕೆ ಬರುವವರಿದ್ದರು. ಅವರ ಮಗಳು ರಮ್ಯಾಳನ್ನು ನೋಡಿ ಬಂದ ದಿನದಿಂದ ವಸಂತನಿಗೆ ಊಟ ಸೇರುತ್ತಿರಲಿಲ್ಲ. ಆಕೆಯ ತಂದೆಯದು ಒಂದೇ ಷರತ್ತು: “ಜಮೀನು ಕೇಳಕಿಲ್ಲ, ನೌಕ್ರಿ ಕೇಳಕಿಲ್ಲ. ಹುಡ್ಗ ಮೈಬಗ್ಗಿಸಿ ಗೇಯೋದ್ನ ನಾನು ಕಣ್ಣಾರೆ ನೋಡ್ಬೇಕು.”

ಬಿ.ಎಸ್ಸಿ. ಮುಗಿಸಿದ್ದ ವಸಂತ್ ನಾಮಫಲಕ ಕೆತ್ತುವ ಯಂತ್ರವನ್ನು ಎರಡು ವರ್ಷ ಕೂತು ತಾನೇ ಕಟ್ಟಿದ್ದ. ಮೋಟಾರುಗಳು ಗುಜರಿ ಪ್ರಿಂಟರಿನವು, ಹಲ್ಲಿನ ಬೆಲ್ಟುಗಳು ಕೆಟ್ಟ ಝೆರಾಕ್ಸ್ ಯಂತ್ರದವು. ಉದ್ದಕ್ಕೆ ನೂರು ಮಿಲಿಮೀಟರ್ ಹೋಗು ಎಂದರೆ ಸರಿಯಾಗಿ ಹೋಗುತ್ತಿತ್ತು. ಅಡ್ಡಕ್ಕೆ ಹೇಳಿದರೆ ತೊಂಬತ್ತಾರಕ್ಕೇ ನಿಲ್ಲುತ್ತಿತ್ತು. ಆ ನಾಲ್ಕು ಮಿಲಿಮೀಟರಿನಲ್ಲಿ ಅವನ ಸಂಸಾರ ಸಿಕ್ಕಿಕೊಂಡಿತ್ತು.

ಲೆಕ್ಕ ಸುಲಭವಾಗಿತ್ತು. ಮೋಟಾರು ಮಿಲಿಮೀಟರಿಗೆ ಇಪ್ಪತ್ತು ಹೆಜ್ಜೆ ಇಡುತ್ತಿತ್ತು. ಅದನ್ನು ಇಪ್ಪತ್ತು ಪಾಯಿಂಟ್ ಎಂಟು ಮೂರು ಮಾಡಬೇಕು. ಮಾಡಿದ. ಸ್ಟೀಲ್ ಸ್ಕೇಲಿಟ್ಟು ಮೂರು ಸಲ ಅಳೆದ. ನೂರಕ್ಕೆ ನೂರು! ಸಂತೋಷದಿಂದ ಮುಖ ತೊಳೆಯಲು ಹಿತ್ತಲಿಗೆ ಹೋದ.

ಆಗ ಒಳಗೆ ಬಂದವನು ಎದುರಿನ ಹಿಟ್ಟಿನ ಗಿರಣಿಯ ಮಹೇಂದ್ರ. ವಸಂತ್ ಬರುವಷ್ಟರಲ್ಲಿ ಬೆಲ್ಟುಗಳಿಗೆಲ್ಲ ಹಳದಿ ಪುಡಿ ಮೆತ್ತಿತ್ತು.

“ಏನ್ಲಾ ಇದು?”

“ರಾಳದ ಪುಡಿ ಕಣ್ಲಾ! ಅಳತೆ ಜಾರ್ತೈತೆ ಅಂತ ಬೆಳಿಗ್ಗೆ ನೀನೇ ಗೋಳಾಡ್ತಿದ್ದಲ್ಲ. ಹನ್ನೆರಡು ವರ್ಸದಿಂದ ಮಿಲ್ಲಿನ ಬೆಲ್ಟಿಗೆ ಇದ್ನೇ ಆಕ್ತಿವ್ನಿ. ಒಂದಿನ ಜಾರಿಲ್ಲ.”

“ಇದಕ್ಕೆ ಹಲ್ಲೈತೆ ಕಣೋ! ಇದು ಜಾರಲ್ಲ!”

“ಹಲ್ಲಿದ್ದೋರೇ ಜಾರಿ ಬೀಳೋದು ಬುಡು” ಎಂದ ಮಹೇಂದ್ರ, ಚೂರೂ ಬೇಸರವಿಲ್ಲದೆ.

ಬೆಲ್ಟಿನ ನೂರಾರು ಹಲ್ಲುಗಳನ್ನು ತನ್ನದೇ ಹಲ್ಲುಜ್ಜುವ ಬ್ರಷ್ಷಿನಲ್ಲಿ, ಸ್ಪಿರಿಟ್ ಅದ್ದಿ ಉಜ್ಜುವಷ್ಟರಲ್ಲಿ ಒಂದೂವರೆ. ಮತ್ತೆ ಬಿಗಿ ನೋಡಿ, ಅಳೆದು, ಅಂಕಿ ತಿದ್ದುವಾಗ ಮನೆಯೊಡತಿ ಸುನಂದಮ್ಮ ಒಳಗಡೆ ಉದ್ದಿನಬೇಳೆಗೆ ಗ್ರೈಂಡರ್ ಹಾಕಿದರು. ಟಪ್ಪೆಂದು ಫ್ಯೂಸ್ ಹೋಯಿತು. ಉಳಿಸಿರದ ಅಂಕಿಗಳೆಲ್ಲ ಕಂಪ್ಯೂಟರಿನೊಂದಿಗೆ ಕಣ್ಣು ಮುಚ್ಚಿದವು.

“ಸುನಂದಮ್ಮೋರೇ, ಇವತ್ತೇ ಬೇಕಿತ್ತಾ?”

“ನಿಮ್ಮಾವ ಬರ್ತಾವ್ರಲ್ಲಪ್ಪ, ವಡೆ ಬ್ಯಾಡ್ವಾ? ನಿಂಗೋಸ್ಕರ ಕಣಪ್ಪ ಇದೆಲ್ಲ!”

ವಸಂತ್ ನೆಲದ ಮೇಲೆ ಕೂತುಬಿಟ್ಟ. ಇಡೀ ಬೀದಿಯೇ ತನ್ನ ಮೇಲೆ ಪ್ರೀತಿ ಸುರಿಯುತ್ತಿದೆ. ಯಾರಾದರೂ ಒಬ್ಬರು ದ್ವೇಷಿಸಿದ್ದರೆ ಸಾಕಿತ್ತು ಅನ್ನಿಸಿತು.

ಫ್ಯೂಸ್ ಕಟ್ಟಿ, ಅಳತೆ ಸರಿಮಾಡಿ ಹೊಸ ಹಲಗೆ ಹಾಕಿದಾಗ ಮೂರಕ್ಕೆ ಹತ್ತು ನಿಮಿಷ. ಈಗ ಮೇಜೇ ಅಲುಗಾಡತೊಡಗಿತು. ಮಹೇಂದ್ರ ಓಡಿ ಬಂದು ಮೇಜನ್ನು ಎಮ್ಮೆಕರು ಹಿಡಿದಂತೆ ಎರಡೂ ತೋಳಲ್ಲಿ ತಬ್ಬಿ ನಿಂತ. ಯಂತ್ರ ತಣ್ಣಗೆ ಕೆತ್ತತೊಡಗಿತು. ಬೆರಳು ತಾಗಿದರೂ ಅಳತೆ ಕೆಟ್ಟೀತೆಂದು ವಸಂತ್ ಉಸಿರು ಬಿಗಿಹಿಡಿದು, ಕೈಕಟ್ಟಿ ದೂರ ನಿಂತ.

ನಂಜುಂಡಸ್ವಾಮಿಯವರು ಬಂದಿದ್ದು ಆಗಲೇ. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ನೋಡಿದರು. ಕೆಲಸ ಮುಗಿದಾಗ ಹಲಗೆ ಎತ್ತಿಕೊಂಡು ದುಂಡನೆಯ ಸೊನ್ನೆಯ ಮೇಲೆ ಬೆರಳಾಡಿಸಿದರು.

“ಭಾಳ ಚೆಂದಾಗೈತೆ. ಕೆತ್ತಿದ್ಯಾರು?”

“ಮಿಷಿನ್ನೇ ಸಾರ್! ಎಲ್ಲಾ ಅದೇ ಮಾಡುತ್ತೆ” ಎಂದ ವಸಂತ್, ಹೆಮ್ಮೆಯಿಂದ.

“ಅಂಗಾರೆ ನೀವೇನ್ ಮಾಡಿದ್ರಿ?”

ವಸಂತನ ಬಾಯಿ ತೆರೆಯಿತು. ಅದರಲ್ಲಿ ಎರಡು ವರ್ಷದ ಲೆಕ್ಕವಿತ್ತು, ಬೆಳಗಿನಿಂದ ಮೂರು ಸಲ ತಿದ್ದಿದ ಅಂಕಿಯಿತ್ತು. ಹೊರಬಿದ್ದದ್ದು “ಸ್ವಿಚ್ ಹಾಕ್ದೆ ಸಾರ್” ಎಂಬುದಷ್ಟೇ.

ಬೆವರಿನಲ್ಲಿ ತೊಯ್ದು, ಹಿಟ್ಟು ಮೆತ್ತಿದ ತೋಳು ನೀವಿಕೊಳ್ಳುತ್ತಿದ್ದ ಮಹೇಂದ್ರನ ಕಡೆ ನಂಜುಂಡಸ್ವಾಮಿಯವರು ತಿರುಗಿದರು. “ನಿಮ್ಗೆ ಮದ್ವೆ ಆಗೈತಾ?”

“ಎಲ್ಲಿ ಸ್ವಾಮಿ!” ವಡೆ ತಟ್ಟೆ ಹಿಡಿದು ಬಂದ ಸುನಂದಮ್ಮ ಉತ್ತರ ಕೊಟ್ಟರು. “ಸ್ವಂತ ಮಿಲ್ಲೈತೆ. ಮೂರು ವರ್ಸದಿಂದ ಹೆಣ್ಣು ನೋಡ್ತಾವ್ರೆ.”

ವಡೆ ತಿಂದು ನಂಜುಂಡಸ್ವಾಮಿಯವರೂ ಮಹೇಂದ್ರನೂ ಗಿರಣಿ ನೋಡಲು ರಸ್ತೆ ದಾಟಿದರು. ವಸಂತ್ ಯಂತ್ರದ ಸ್ವಿಚ್ ಆರಿಸಿದ. ಅರ್ಧ ಗಂಟೆಯ ಮೇಲೆ ಮಹೇಂದ್ರ ಬಾಗಿಲಲ್ಲಿ ತಲೆ ಹಾಕಿದ. ಮುಖದ ಹಿಟ್ಟಿನೊಳಗಿಂದ ನಾಚಿಕೆ ಕೆಂಪಗೆ ಇಣುಕುತ್ತಿತ್ತು.

“ಬೇಜಾರಾಗ್ಬ್ಯಾಡ ಕಣ್ಲಾ ವಸಂತ. ಚಪ್ಪರದ ಬಾಗ್ಲಿಗೆ ನಂದೂ ರಮ್ಯಂದೂ ಎಸ್ರು ಕೆತ್ತಿಕೊಟ್ಬುಡು. ಮೇಜು ನಾನೇ ಹಿಡ್ಕತೀನಿ.”