ಗೊರವನ ಕಾಲು ತೊಳೆದದ್ದು

ಕೆಲವರ ಕೈಗೆ ಸುಮ್ಮನಿರುವುದು ಗೊತ್ತಿಲ್ಲ. ಎದುರಿಗೆ ಕೂತವರ ಅಂಗಿಯ ಮೇಲಿನ ಎಳೆ ತೆಗೆಯುತ್ತಾರೆ, ಬೇರೆಯವರ ಮನೆಗೆ ಹೋಗಿ ಓರೆಯಾದ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಾರೆ. ನಾನು ಆ ಪೈಕಿಯವನು. ಸಾಲದ್ದಕ್ಕೆ ಅದನ್ನೇ ಕಸುಬು ಮಾಡಿಕೊಂಡಿದ್ದೇನೆ. ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಇಪ್ಪತ್ತೈದು ವರ್ಷದಿಂದ ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮದುಮಕ್ಕಳ ಮೊಡವೆ, ಗಾಯದ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸುತ್ತಾ ಬಂದಿದ್ದೇನೆ. ನಮ್ಮ ಕಸುಬಿನಲ್ಲಿ ಇದಕ್ಕೆ ‘ಕ್ಲೀನ್ ಮಾಡುವುದು’ ಎನ್ನುತ್ತೇವೆ. ನ್ಯಾಮತಿಯ ಒಬ್ಬ ವರನನ್ನು ಎಷ್ಟು ಕ್ಲೀನ್ ಮಾಡಿದ್ದೆನೆಂದರೆ, ಅವನೇ ಖುದ್ದಾಗಿ ಹೆಣ್ಣು ನೋಡಲು ಹೋದಾಗ ಆ ಮನೆಯವರು, “ಹುಡುಗ ಬರ್ಲಿಲ್ವಾ? ನೀವು ಅವರ ಅಣ್ಣಾರಾ?” ಎಂದು ಕೇಳಿದರಂತೆ. ಅದನ್ನು ಹೊಗಳಿಕೆ ಎಂದುಕೊಂಡು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಒಮ್ಮೆ ಮಾತ್ರ ಸರಿಯಾದ ಪೆಟ್ಟು ಬಿದ್ದಿತ್ತು. ಜಗಳೂರಿನ ಆಚೆ ಸೊಕ್ಕೆಯಿಂದ ಒಬ್ಬ ಹೆಂಗಸು, ತೀರಿಹೋದ ತಾಯಿಯ ಹಳೆಯ ಫೋಟೋ ತಂದು ದೊಡ್ಡದು ಮಾಡಿಸಲು ಕೊಟ್ಟಿದ್ದರು. ಆ ತಾಯಿಯ ಗಲ್ಲದ ಮೇಲೆ ಒಂದು ನರಹುಲಿ ಇತ್ತು. ಕೇಳಬೇಕೆ, ತೆಗೆದೆ. ಕಟ್ಟು ಹಾಕಿದ ಫೋಟೋವನ್ನು ಆಕೆ ಬಹಳ ಹೊತ್ತು ನೋಡಿ, “ಇದು ನಮ್ಮವ್ವ ಅಲ್ರಿ. ಆ ನರುಲಿ ತಿರುಗಿ ಹಾಕಿ ಕೊಡ್ರಿ. ಸಣ್ಣಾಕಿ ಇದ್ದಾಗ ಅದನ್ನ ಹಿಡ್ಕಂಡೇ ಮಲಗ್ತಿದ್ದೆ,” ಎಂದರು. ಮೂಲ ಫೋಟೋ ಕೈಯಲ್ಲಿತ್ತು, ಹಾಕಿಕೊಟ್ಟೆ. ಅವತ್ತೇ ನನಗೆ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಮದುವೆಗಳಿಲ್ಲದ ದಿನಗಳಲ್ಲಿ ಹೊತ್ತು ಕಳೆಯಲೆಂದು ಹಕ್ಕಿಗಳ ಫೋಟೋ ತೆಗೆಯಲು ಶುರು ಮಾಡಿದೆ. ಅದರಲ್ಲೂ ಗೊರವ. ಗೊರವ ಎಂದರೆ ಮೈಲಾರದ ಗೊರವಪ್ಪ ಅಲ್ಲ. ಚಳಿಗಾಲದಲ್ಲಿ ನಮ್ಮ ಸೂಳೆಕೆರೆಯ ಅಂಚಿನ ಕೆಸರಿನಲ್ಲಿ ಬಾಲ ಕುಣಿಸುತ್ತಾ ಹುಳ ಹೆಕ್ಕುವ, ಎಲ್ಲಿಂದಲೋ ಹಾರಿ ಬರುವ ಪುಟ್ಟ ಹಕ್ಕಿ. ಅದರ ಫೋಟೋ ಬೇಕೆಂದರೆ ಕೆಸರಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಬೇಕು. ನನ್ನ ಹೊಟ್ಟೆಯ ಮೇಲೆ ಮಲಗಿದರೆ ತಲೆಯೂ ಕಾಲೂ ನೆಲಕ್ಕೆ ತಾಕುವುದಿಲ್ಲ. ಎರಡು ಚಳಿಗಾಲ ಹೀಗೆ ತೂಗಾಡಿದರೂ ಬಾಲ ಸಿಕ್ಕರೆ ತಲೆ ಇಲ್ಲ, ತಲೆ ಸಿಕ್ಕರೆ ಮಸುಕು. ಈ ವರ್ಷ ಒಂದು ಬೆಳಿಗ್ಗೆ ಮಾತ್ರ ಒಂದು ಗೊರವ ಮುಂದೆಯೇ ಬಂದು ನಿಂತಿತು. ನೀರು ಅಲುಗಲಿಲ್ಲ. ಹಕ್ಕಿಯೂ ಸ್ಪಷ್ಟ, ನೀರಿನೊಳಗೆ ತಲೆಕೆಳಗಾದ ಅದರ ನೆರಳೂ ಸ್ಪಷ್ಟ. ಕೆಸರಿನಲ್ಲಿ ಬಿದ್ದುಕೊಂಡೇ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕಾಲಿಗೆ ಕೆಸರು, ಜೊತೆಗೆ ಅದೇನೋ ಹಳದಿ ಪ್ಲಾಸ್ಟಿಕ್ ಚೂರು. ಚಹಾ ತಂದ ನನ್ನ ಹೆಂಡತಿ ಗಿರಿಜಾ ಬಗ್ಗಿ ನೋಡಿ, “ಅದ್ಯಾಕ್ರೀ ತೆಗೀತೀರಿ? ಯಾರೋ ಕಟ್ಟಿದಂಗೈತೆ. ಇರ್ಲಿ ಬಿಡ್ರಿ,” ಎಂದಳು. ನನ್ನ ಕೆಲಸ ನನಗೆ ಗೊತ್ತು ಎಂದೆ. ಗೊರವನ ಕಾಲನ್ನು ಮದುಮಗನ ಕಾಲಿನ ಹಾಗೆ ತೊಳೆದೆ. ಬಿಸಿಲು ಸಾಲದೆನಿಸಿ ಇಡೀ ಫೋಟೋಕ್ಕೆ ಹೊಂಬಣ್ಣ ಏರಿಸಿದೆ. ಮೂಲದ ಮೇಲೆಯೇ ಸೇವ್ ಮಾಡಿದೆ. ಮರುದಿನ ಹೊನ್ನಾಳಿಯಲ್ಲಿ ಮದುವೆ ಇತ್ತು, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿಕೊಂಡೆ.

ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ ಸಂಜೆ ಶಿವಮೊಗ್ಗದ ಕಾಲೇಜಿನ ಒಬ್ಬ ಮೇಡಂ ಫೋನ್ ಮಾಡಿದರು. ಪ್ರತಿ ವರ್ಷ ಕೆರೆಗಳಲ್ಲಿ ಹಕ್ಕಿ ಎಣಿಸುವವರು ಅವರು. ಹೊಗಳಲೆಂದೇ ಮಾಡಿದ್ದಾರೆಂದು ಎದ್ದು ನಿಂತು ಮಾತಾಡಿದೆ.

“ಸಾರ್, ಒಂದು ಅನುಮಾನ. ನೀರಿನೊಳಗಿನ ನೆರಳಲ್ಲಿ ಕಾಲಿಗೆ ಏನೋ ಹಳದಿ ಕಾಣ್ತಿದೆ. ಮೇಲಿನ ಹಕ್ಕಿಗೆ ಇಲ್ಲವಲ್ಲ?”

ಅಷ್ಟೆಲ್ಲ ದುಡಿಮೆಯಲ್ಲಿ ನಾನು ನೆರಳನ್ನು ತೊಳೆಯುವುದು ಮರೆತಿದ್ದೆ. ಕಸ ಇತ್ತು, ಕ್ಲೀನ್ ಮಾಡಿದೆ ಎಂದೆ.

“ಅದು ಕಸ ಅಲ್ಲ ಸಾರ್. ಹಕ್ಕಿ ಹಿಡಿದು ಕಾಲಿಗೆ ಹಾಕಿ ಬಿಡೋ ಗುರುತಿನ ಪಟ್ಟಿ. ಅದರ ಮೇಲೆ ಅಕ್ಷರ ಇರ್ತವೆ. ಬಣ್ಣ, ಅಕ್ಷರ ಸಿಕ್ಕರೆ ಎಲ್ಲಿ, ಯಾರು ಹಾಕಿದ್ದು ಅಂತ ಗೊತ್ತಾಗುತ್ತೆ. ಹಾಕಿದವರು ಆ ಹಕ್ಕಿ ಬದುಕಿದೆಯೋ ಇಲ್ಲವೋ ಅಂತ ಕಾಯ್ತಿರ್ತಾರೆ. ಮೂಲ ಫೋಟೋ ಇದೆಯಾ?”

ಇಲ್ಲ ಎಂದೆ. ಅಕ್ಷರ ನೆನಪಿದೆಯಾ ಎಂದರು. ಇಲ್ಲ. ಬಣ್ಣ ಹಳದಿಯೇ ತಾನೆ ಎಂದರು. ಹಳದಿಯೇ ಎಂದು ನಾನು, “ಕಿತ್ತಳೆ ಬಣ್ಣ ಇತ್ತು,” ಎಂದು ಹಿಂದಿನಿಂದ ಗಿರಿಜಾ. ನೆರಳಿನಲ್ಲಿ ಅಕ್ಷರ ಓದಲು ಬರುತ್ತಿರಲಿಲ್ಲ, ಬಣ್ಣವನ್ನಾದರೂ ನೋಡಿ ಹೇಳೋಣವೆಂದರೆ ಹೊಂಬಣ್ಣ ಏರಿಸಿಬಿಟ್ಟಿದ್ದೆ, ಅದರಲ್ಲಿ ಬಿಳಿಯೂ ಹಳದಿಯಾಗಿಯೇ ಕಾಣುತ್ತಿತ್ತು. ಸಾವಿರಾರು ಮೈಲಿ ಹಾರಿ ಬಂದ ಜೀವ ತನ್ನ ವಿಳಾಸವನ್ನು ಕಾಲಿಗೆ ಕಟ್ಟಿಕೊಂಡು ನನ್ನ ಮುಂದೆ ಬಂದು ನಿಂತಿತ್ತು. ನಾನು ಅದನ್ನು ಒರೆಸಿ ಕಳಿಸಿದ್ದೆ.

ಅವತ್ತಿನಿಂದ ಹನ್ನೊಂದು ದಿನ ಕೆರೆಗೆ ಹೋದೆ. ಸಾಸ್ವೆಹಳ್ಳಿಯ ಹತ್ತಿರ ಹೊಳೆಯ ಮರಳಿನಲ್ಲೂ ಹುಡುಕಿದೆ. ಗೊರವಗಳಿಗೇನು ಬರವಿರಲಿಲ್ಲ. ಆದರೆ ಅರ್ಧ ಹಕ್ಕಿಗಳು ಮೊಣಕಾಲು ಮುಳುಗುವ ನೀರಿನಲ್ಲಿ ನಿಲ್ಲುತ್ತಿದ್ದವು, ಉಳಿದರ್ಧ ಒಂದು ಕಾಲನ್ನು ಪುಕ್ಕದೊಳಗೆ ಎತ್ತಿಟ್ಟುಕೊಂಡು ನಿಲ್ಲುತ್ತಿದ್ದವು. ನನ್ನ ಸುದ್ದಿ ಅವುಗಳಿಗೂ ಮುಟ್ಟಿತ್ತೋ ಏನೋ. ಕೆರೆಯಲ್ಲಿ ದಿನವೂ ಮೀನು ಹಿಡಿಯುವ ಹಾಲೇಶಪ್ಪ ತೆಪ್ಪ ನಿಲ್ಲಿಸಿ ಕೇಳಿದ, “ದಿನಾ ಬರ್ತೀರಲ್ರೀ, ಏನ್ ಕಳಕಂಡೀರಿ?”

“ಒಂದು ಹಕ್ಕಿ. ಅದರ ಕಾಲಿಗೆ ಪಟ್ಟಿ ಐತೆ.”

“ಹಕ್ಕಿ ನಿಮ್ದಾ?”

“ಅಲ್ಲ.”

“ಪಟ್ಟಿ ನೀವ್ ಕಟ್ಟಿದ್ದಾ?”

“ಅಲ್ಲಪ್ಪಾ. ನಾನು ಬಿಚ್ಚಿದ್ದು.”

ಹಾಲೇಶಪ್ಪ ನನ್ನ ಮುಖ, ನನ್ನ ಹೊಟ್ಟೆಯ ಕೆಸರು ಎರಡನ್ನೂ ನೋಡಿದ. “ಮನಿಗೆ ಹೋಗ್ರಿ ಸಾರ್, ಬಿಸಿಲು ಏರ್ತೈತೆ,” ಎಂದು ಮೆತ್ತಗೆ ಹೇಳಿ ತೆಪ್ಪ ನೂಕಿಕೊಂಡು ಹೋದ. ಹನ್ನೆರಡನೆಯ ದಿನ ನಾನು ಹೋಗಲಿಲ್ಲ. ಆ ಹಕ್ಕಿ ಇನ್ನು ಸಿಗುವುದಿಲ್ಲ, ಎಲ್ಲಿಯೋ ಕಾಯುತ್ತಿರುವವರಿಗೆ ಅದು ಬದುಕಿರುವ ಸುದ್ದಿ ನನ್ನಿಂದ ಹೋಗುವುದಿಲ್ಲ ಎಂಬುದು ಅಷ್ಟರಲ್ಲಿ ಖಾತ್ರಿಯಾಗಿತ್ತು.

ಕಳೆದ ವಾರ ಮೇಡಂ ಮತ್ತೆ ಫೋನ್ ಮಾಡಿ, ಹೊಸದಾಗಿ ಹಕ್ಕಿ ಎಣಿಸಲು ಬರುವವರಿಗೆ ನನ್ನ ಫೋಟೋ ತೋರಿಸಬಹುದೇ ಎಂದು ಕೇಳಿದರು. ಏನೇ ಆದರೂ ಫೋಟೋ ಚೆನ್ನಾಗಿದೆಯಲ್ಲ ಎಂದು ಎದೆ ಉಬ್ಬಿತು. ಯಾವುದಕ್ಕೆ ಮೇಡಂ ಎಂದೆ. “ಏನು ಮಾಡಬಾರದು ಅನ್ನೋ ಪಾಠಕ್ಕೆ ಸಾರ್. ಬೇಜಾರಿಲ್ಲ ತಾನೆ? ವಾಟ್ಸಾಪಿನದು ಚಿಕ್ಕದು, ಏನೂ ಕಾಣಲ್ಲ. ದೊಡ್ಡದು ಕಳಿಸಿ. ಇದ್ದ ಹಾಗೇ ಕಳಿಸಿ,” ಎಂದರು. ಬೇಜಾರೇನಿಲ್ಲ ಎಂದೆ, ಬೇಜಾರಾಗಿತ್ತು. ಆದರೂ ಇಷ್ಟಾದರೂ ಉಪಯೋಗಕ್ಕೆ ಬಂತಲ್ಲ ಎಂದು ಕಂಪ್ಯೂಟರ್ ಮುಂದೆ ಕೂತು, ಕಳಿಸುವ ಮುಂಚೆ ಒಮ್ಮೆ ದೊಡ್ಡದು ಮಾಡಿ ನೋಡಿದೆ. ಹಕ್ಕಿಯ ಹಿಂದೆ ದೂರದ ಕೆಸರಿನ ಮೇಲೆ ಕಪ್ಪಗೆ ಒಂದು ಚುಕ್ಕಿ ಉಳಿದುಬಿಟ್ಟಿತ್ತು. ಹತ್ತು ಜನ ನೋಡುವ ಫೋಟೋ. ತೆಗೆದೆ, ಸೇವ್ ಮಾಡಿದೆ, ಕಳಿಸಿದೆ. ಕಳಿಸಿದ ಮೇಲೆ ಯೋಚನೆ ಬಂತು, ಅದು ಕಸವೋ, ಆ ಗೊರವನ ಜೊತೆಗೆ ಬಂದ ಇನ್ನೊಂದು ಹಕ್ಕಿಯೋ ಎಂದು. ಮತ್ತೆ ತೆರೆದು ನೋಡಿದೆ. ಅಲ್ಲಿ ಏನೂ ಇಲ್ಲ, ಬಹಳ ಕ್ಲೀನಾಗಿದೆ.