ಬೆಂಗಳೂರಿನ ಚಂದ್ರ, ದಿಲ್ಲಿಯ ಉಪವಾಸ

ಆಕಾಶದ ಜೊತೆ ನನಗೆ ಹೆಚ್ಚಿನ ವ್ಯವಹಾರವಿಲ್ಲ. ಒಗೆದ ಬಟ್ಟೆ ಒಣಗುವಷ್ಟು ಬಿಸಿಲು, ಹಪ್ಪಳ ಹರವಿದ ದಿನ ಮಳೆ ಬಾರದಿರುವುದು, ತಿಂಗಳಿಗೊಮ್ಮೆ ಸಂಕಷ್ಟಿಯ ರಾತ್ರಿ ಚಂದ್ರ, ಇಷ್ಟು ಸಿಕ್ಕರೆ ಸಾಕು ಎಂದುಕೊಂಡು ಬದುಕಿದವಳು ನಾನು. ಹೆಚ್ಚು ಕೇಳಿದರೂ ಸಿಗುವಂತಿರಲಿಲ್ಲ. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ನ ನೆಲಮಹಡಿಯಿಂದ ಕಾಣುವ ಆಕಾಶ ಒಂದು ಸೀರೆಯನ್ನು ಮಡಿಸಿಟ್ಟಷ್ಟು ಅಗಲ. ಆ ಕಡೆ ಎದುರು ಬ್ಲಾಕು, ಈ ಕಡೆ ಬೇವಿನ ಮರ, ನಡುವೆ ಮೇಲಿನ ಮನೆಯವರ ಒದ್ದೆ ಹಾಸಿಗೆಬಟ್ಟೆ. ಆದರೂ ದೇವರು ದೊಡ್ಡವನು. ಪಾರ್ಕಿನಲ್ಲಿ ಗಣಪನಿಗೆ ಬೇಕಾದ ಗರಿಕೆ ಧಾರಾಳವಾಗಿ ಬೆಳೆಯುತ್ತದೆ, ಮಾಲಿ ಭಯ್ಯಾ ಬೈಯುವುದು ಗುಲಾಬಿಗೆ ಕೈಹಾಕಿದರೆ ಮಾತ್ರ. ಇಂಥ ನನ್ನ ಹೊಟ್ಟೆಯಲ್ಲಿ, ಓದಿದರೆ ಆಕಾಶವನ್ನೇ ಓದುತ್ತೇನೆ ಎನ್ನುವ ಮಗಳು ಹುಟ್ಟಿದಳು.

ಹನ್ನೆರಡನೇ ತರಗತಿಯಲ್ಲಿ ಶ್ರುತಿಗೆ ಒಳ್ಳೆಯ ಅಂಕ ಬಂದಾಗ ಬಂಧುಗಳೆಲ್ಲ ಫೋನು ಮಾಡಿ ಎಂಜಿನಿಯರಿಂಗ್ ಎಂದರು. ಅವಳು ಭೌತಶಾಸ್ತ್ರದ ಬಿ.ಎಸ್ಸಿ. ಎಂದಳು, ಕಡೆಯ ವರ್ಷದಲ್ಲಿ ಖಗೋಳ ಭೌತಶಾಸ್ತ್ರ ಇರುವ ಕಾಲೇಜೇ ಬೇಕೆಂದಳು. ಮಿನಿಸ್ಟ್ರಿಯಲ್ಲಿ ಫೈಲು ನೋಡುವ ನಮ್ಮ ಯಜಮಾನರು ಕನ್ನಡಕ ತೆಗೆದು ಕೇಳಿದರು, "ನಕ್ಷತ್ರಕ್ಕೆ ಪೆನ್ಶನ್ ಇದೆಯೇನಮ್ಮ?" ಮೇಲಿನ ಮನೆಯ ಪಂಜಾಬಿ ಭಾಭೀಜಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, "ಅಚ್ಛಾ, ಅದಾದ ಮೇಲೆ?" ಎನ್ನುತ್ತಿದ್ದರು. ಅದಾದ ಮೇಲೆ ಏನೆಂದು ನನಗೆ ಗೊತ್ತಿದ್ದರಲ್ಲವೇ. ನನಗಿದ್ದದ್ದು ಸಣ್ಣದೊಂದು ಸ್ವಾರ್ಥ. ನನ್ನ ಮದುವೆಯಲ್ಲಿ ಪುರೋಹಿತರು ಹಗಲು ಹೊತ್ತಿನಲ್ಲಿ ಛತ್ರದ ಸೀಲಿಂಗ್ ಫ್ಯಾನಿನ ಕಡೆ ಕೈ ತೋರಿಸಿ, "ಅರುಂಧತಿ ಕಾಣಿಸ್ತಾ?" ಎಂದಿದ್ದರು. ನಾನು ಹೂಂ ಅಂದಿದ್ದೆ. ಮಗಳಾದರೂ ಒಂದು ದಿನ ನಿಜವಾದದ್ದನ್ನು ತೋರಿಸಿಯಾಳು ಎಂದುಕೊಂಡೆ.

ಅವಳು ಒಂದು ನಕ್ಷತ್ರವನ್ನೂ ತೋರಿಸಲಿಲ್ಲ. ಆಕಾಶ ಓದುವವರು ಆಕಾಶ ನೋಡುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಮೆಟ್ರೊ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗುತ್ತಿದ್ದಳು, ಎರಡು ಬಸ್ಸು ಬದಲಿಸಿ ಬಂದು ತಲೆ ತಗ್ಗಿಸಿ ಲೆಕ್ಕ ಮಾಡುತ್ತಿದ್ದಳು. ಬರೀ ಲೆಕ್ಕ. ಒಮ್ಮೆ ಕಾಲೇಜಿನ ತಾರಸಿಯ ಮೇಲೆ ದೂರದರ್ಶಕ ಇಡುತ್ತಾರೆಂದು ಸಂಭ್ರಮದಿಂದ ಹೋದಳು. ವಾಪಸು ಬಂದು ಶೂ ಕಳಚುತ್ತ, "ಅಮ್ಮಾ, ಬರೀ ಧೂಳು ಯಾರ್. ಪಕ್ಕದ ಮದುವೆ ಪೆಂಡಾಲಿನ ಲೈಟು ಕಾಣಿಸ್ತು. ದಿಲ್ಲೀಲಿ ಆಕಾಶಾನೇ ಇಲ್ಲ" ಎಂದಳು. ನಾನು ಬಿಸಿ ಚಪಾತಿ ಹಾಕಿದೆ. ಬೇರೇನು ಹಾಕಲಿ?

ಮೊದಲ ವರ್ಷದ ಗಣಿತದ ಪೇಪರಿನಲ್ಲಿ ಅವಳು ಫೇಲಾದಳು. ನಮ್ಮ ವಂಶದಲ್ಲಿ ಫೇಲಾದವರು ಇಲ್ಲದಿಲ್ಲ. ನನ್ನ ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಅದೇ ಮಧ್ಯಾಹ್ನ ಹೋಳಿಗೆ ತಿಂದು ನಿದ್ದೆ ಹೊಡೆದಿದ್ದ. ಶ್ರುತಿ ಹಾಗಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಲು ಶುರುಮಾಡಿದಳು. ಕೇಳಿದ್ದಕ್ಕೆ ಉತ್ತರ, ಹಾಕಿದ್ದಕ್ಕೆ ಊಟ, ಅದೂ ಅರ್ಧ. ಮನೆಯಲ್ಲಿ ಕುಕ್ಕರು ಕೂಗಿದರೂ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಮರುವರ್ಷ ಅದೇ ಪೇಪರು ಮತ್ತೆ ಕಟ್ಟಬೇಕಾಗಿ ಬಂದಾಗ ಯಜಮಾನರು ತೀರ್ಪು ಕೊಟ್ಟರು, "ಮಳೆಗಾಲ ಕಳೆದ ಮೇಲೆ ಪರೀಕ್ಷೆ ಇದೆಯಲ್ಲ, ಅದರಲ್ಲಿ ಆಗಲಿಲ್ಲವೋ, ಕಾಲೇಜು ಸಾಕು. ಬ್ಯಾಂಕಿನ ಪರೀಕ್ಷೆಗೆ ತಯಾರಾಗು." ಕೆಟ್ಟವರಲ್ಲ ಅವರು. ಮಗಳು ಗೋಡೆ ನೋಡುವುದನ್ನು ನೋಡಲಾರದೆ ಹೇಳಿದ್ದು. ನಾನು ಗಣಪನಿಗೆ ಹರಕೆ ಹೊತ್ತೆ. ಮೊದಲಿಂದಲೂ ಮಾಡುತ್ತಿದ್ದ ಸಂಕಷ್ಟಿಯನ್ನು ಇನ್ನು ಮುಂದೆ ನೀರೂ ಮುಟ್ಟದೆ ಮಾಡುತ್ತೇನೆ, ಆ ಪೇಪರೊಂದನ್ನು ದಾಟಿಸು ಅಂತ.

ಜೂನ್ ತಿಂಗಳ ಸಂಕಷ್ಟಿ. ಆ ಸೆಕೆಯಲ್ಲಿ ನೀರಿಲ್ಲದೆ ಹಗಲು ಕಳೆಯುವುದೆಂದರೆ ನಾಲಿಗೆ ಹಪ್ಪಳವಾಗುತ್ತದೆ. ಸಂಜೆ ಕರೆಂಟೂ ಹೋಯಿತು. ಪೂಜೆ ಮುಗಿಸಿ ಕ್ಯಾಲೆಂಡರ್ ನೋಡಿದೆ. ತುಮಕೂರಿನಿಂದ ನನ್ನ ನಾದಿನಿ ವರ್ಷವರ್ಷವೂ ಕಳಿಸುವ ಗೋಡೆ ಕ್ಯಾಲೆಂಡರ್ ಅದು, ಏಕಾದಶಿಯಿಂದ ಹಿಡಿದು ಚಂದ್ರೋದಯದ ಗಳಿಗೆಯವರೆಗೆ ಎಲ್ಲ ಅಚ್ಚಾಗಿರುತ್ತದೆ. ಹೊತ್ತಿಗೆ ಸರಿಯಾಗಿ ಅರ್ಘ್ಯ ಬಿಟ್ಟು, ನೀರು ಕುಡಿದು, ಇವರಿಗೂ ಬಡಿಸಿ, ಮೊದಲ ಕಡುಬನ್ನು ಬಾಯಿಗಿಡುವಷ್ಟರಲ್ಲಿ ಶ್ರುತಿ ನೀರಿನ ಬಾಟಲಿಗೆಂದು ಒಳಗೆ ಬಂದಳು.

"ಅಮ್ಮಾ, ಚಂದ್ರ ಎಲ್ಲಿ?"

"ಬಂದಿದಾನೆ ಕಣೆ. ಆ ಬ್ಲಾಕಿನ ಹಿಂದೆ ಇರ್ತಾನೆ."

"ನೋಡಿದ್ಯಾ?"

"ಕ್ಯಾಲೆಂಡರಲ್ಲಿ ಇದೆಯಲ್ಲ."

ಅವಳು ದೀಪದ ಬೆಳಕಿನಲ್ಲಿ ಕ್ಯಾಲೆಂಡರಿನ ಮೂಲೆಯ ಸಣ್ಣ ಅಕ್ಷರ ಓದಿದಳು. "ಅಮ್ಮಾ, ಇದು ಬೆಂಗಳೂರಿನ ಟೈಮು. ಇಲ್ಲಿ ಇನ್ನೂ ಹುಟ್ಟೇ ಇಲ್ಲ."

ಅರ್ಧ ಕಡುಬು ಕೈಯಲ್ಲಿ, ಅರ್ಧ ಬಾಯಲ್ಲಿ. ಉಗುಳಿದರೆ ಪ್ರಸಾದಕ್ಕೆ ಅಪಚಾರ, ನುಂಗಿದರೆ ವ್ರತಕ್ಕೆ ಅಪಚಾರ. ಹಾಗೇ ಬಾಯಲ್ಲಿಟ್ಟುಕೊಂಡು ಅವಳ ಹಿಂದೆ ತಾರಸಿಗೆ ಓಡಿದೆ. ಚಂದ್ರನ ಸುಳಿವಿಲ್ಲ. ಸೆಕೆಗೆಂದು ಮಂಚ ಹಾಕಿಕೊಂಡು ಕೂತಿದ್ದ ಭಾಭೀಜಿಗೆ ಶ್ರುತಿ ಹಿಂದಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ಅವರು ಗಲ್ಲಕ್ಕೆ ಕೈಯಿಟ್ಟು, "ಹಾಯ್ ರಾಮ್! ನಾವು ಕರ್ವಾ ಚೌತ್‌ನಲ್ಲಿ ಚಂದ್ರನ ಮುಖ ನೋಡದೆ ಒಂದು ಹನಿ ನೀರು ಕುಡಿಯಲ್ಲ. ನೀವು ಮದ್ರಾಸಿಗಳು ಕಾಗದ ನೋಡಿ ಊಟ ಮಾಡ್ತೀರಾ?" ಎಂದರು. ನಾವು ಮದ್ರಾಸಿಗಳಲ್ಲ ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ, ಅವತ್ತು ಹೇಳಲು ಬಾಯಿ ಖಾಲಿ ಇರಲಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆಯಾದ ಮೇಲೆ ಧೂಳಿನೊಳಗಿಂದ ಚಂದ್ರ ಬಂದ. ಇಟ್ಟಿಗೆಯ ಬಣ್ಣ, ಮೂಲೆ ಒಡೆದ ಹಾಗೆ. ನನ್ನನ್ನೇ ನೋಡಿದ ಅನಿಸಿತು.

ಮದುವೆಯಾಗಿ ದಿಲ್ಲಿಗೆ ಬಂದ ಮೇಲಿನ ಎಲ್ಲ ಸಂಕಷ್ಟಿಗಳೂ ಕಣ್ಣ ಮುಂದೆ ಸಾಲಾಗಿ ನಿಂತವು. ಪೇಪರು ಹೋದದ್ದಕ್ಕೆ ಕಾರಣ ಸಿಕ್ಕಿತಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಆಗ ಶ್ರುತಿ ಎಷ್ಟೋ ತಿಂಗಳಿಂದ ಮಾಡದ ಕೆಲಸ ಮಾಡಿದಳು. ನನ್ನ ಪಕ್ಕ ನೆಲದ ಮೇಲೆ ಕೂತು, ತೆಂಗಿನಕಾಯಿಯನ್ನು ಭೂಮಿ ಮಾಡಿ, ನಿಂಬೆಹಣ್ಣನ್ನು ಚಂದ್ರ ಮಾಡಿ, ಕಾಯಿಯನ್ನು ವಾಲಿಸಿ ತಿರುಗಿಸುತ್ತ ಹೇಳಿದಳು, "ನೋಡಮ್ಮ, ಬೇಸಿಗೇಲಿ ನಿನ್ನ ಚೌತಿ ಚಂದ್ರ ದಕ್ಷಿಣಕ್ಕೆ ವಾಲಿರ್ತಾನೆ. ಅದಕ್ಕೆ ಬೆಂಗಳೂರಿನವರಿಗೆ ಮೊದಲು, ನಮಗೆ ಆಮೇಲೆ. ಚಳಿಗಾಲದಲ್ಲಿ ಉಲ್ಟಾ. ಉತ್ತರಕ್ಕಿರ್ತಾನೆ, ಇಲ್ಲಿ ಬೇಗ ಬಂದುಬಿಡ್ತಾನೆ."

"ಹಾಗಾದ್ರೆ ಚಳಿಗಾಲದಲ್ಲಿ ಅವನು ಬಂದ ಮೇಲೂ ನಾನು ಸುಮ್ಮನೆ ಹಸ್ಕೊಂಡಿದ್ನಾ?"

"ಹೂಂ. ಅದನ್ನ ಇದಕ್ಕೆ ವಜಾ ಹಾಕ್ಕೋ. ನಿನ್ನ ಗಣಪತಿ ಲೆಕ್ಕದಲ್ಲಿ ನನಗಿಂತ ಚೆನ್ನಾಗಿರಬಹುದು."

ಅವಳು ನಕ್ಕಳು. ಕಣ್ಣೊರೆಸಿಕೊಂಡು ನಾನು ಆ ನಗುವನ್ನೇ ನೋಡಿದೆ. ಅಂದಿನಿಂದ ಪ್ರತಿ ಸಂಕಷ್ಟಿಗೂ ದಿಲ್ಲಿಯ ಚಂದ್ರೋದಯವನ್ನು ಅವಳೇ ಲೆಕ್ಕ ಹಾಕಿ ಹೇಳತೊಡಗಿದಳು. ಲೆಕ್ಕ ಹಾಕುವಾಗ ಪೆನ್ಸಿಲು ಕಚ್ಚಿಕೊಂಡು ಗುನುಗುತ್ತಿದ್ದಳು. ಗೋಡೆಯ ಕಡೆ ಮುಖ ಮಾಡುವುದು ನಿಂತಿತು. ಪರೀಕ್ಷೆಯನ್ನೂ ಬರೆದಳು.

ಕಥೆಯಾಗಿದ್ದರೆ ಪಾಸಾಗುತ್ತಿದ್ದಳು. ಚಳಿ ಶುರುವಾಗುವ ಹೊತ್ತಿಗೆ ಫಲಿತಾಂಶ ಬಂತು. ಕೆಲವೇ ಅಂಕಗಳಿಗೆ ಮತ್ತೆ ಹೋಯಿತು. ಈ ಸಲ ಅವಳು ಗೋಡೆಯ ಕಡೆಯೂ ತಿರುಗಲಿಲ್ಲ, "ಸರಿ ಅಪ್ಪ" ಎಂದು ತಾನೇ ಪುಸ್ತಕಗಳನ್ನು ಕಟ್ಟಿಕೊಟ್ಟಳು. ಇವರು ಅವನ್ನು ಅಟ್ಟಕ್ಕೇರಿಸಿ, ಮುಂದೆ ಹಳೆಯ ಕೂಲರ್ ಇಟ್ಟರು. ಶವಸಂಸ್ಕಾರ ಮುಗಿಸಿ ಬಂದವರ ಹಾಗೆ ಕೈತೊಳೆದುಕೊಂಡರು. ಬ್ಯಾಂಕಿನ ಕೋಚಿಂಗಿಗೆ ಸೋಮವಾರದಿಂದ ಸೇರುವುದೆಂದಾಯಿತು. ಸೋಮವಾರಕ್ಕೆ ಮೊದಲು ಬಂದದ್ದು ಸಂಕಷ್ಟಿ.

ನಮ್ಮ ಯಜಮಾನರು ಉಪವಾಸ ಮಾಡುವವರಲ್ಲ. ಆದರೆ ಚಂದ್ರ ಬಂದು ನೈವೇದ್ಯವಾಗದೆ ನಮ್ಮ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆಯುವುದಿಲ್ಲವಾದ್ದರಿಂದ ಅವರದೂ ಒಂದು ಬಗೆಯ ಉಪವಾಸವೇ. ಕಡುಬಿನ ಘಮಕ್ಕೆ ಮೂರು ಸಲ ಅಡುಗೆಮನೆಗೆ ಬಂದರು.

"ಏನೇ, ಹೊತ್ತಾಗಲಿಲ್ವಾ? ಕ್ಯಾಲೆಂಡರ್ ಏನನ್ನುತ್ತೆ?"

"ಅದು ಬೆಂಗಳೂರಿಂದು. ಅದನ್ನ ನಂಬಿ ಕೆಟ್ಟಿದ್ದು ಸಾಕು."

"ಅರ್ಧ ಗಂಟೆ ಸೇರಿಸ್ಕೊಂಡ್ರೆ ಆಯ್ತಲ್ಲ?"

"ಜೂನಿನ ಅರ್ಧ ಗಂಟೆ ಡಿಸೆಂಬರಿಗೆ ನಡೆಯುತ್ತಾ? ನನಗೇನು ಗೊತ್ತು. ಓದಿದವಳನ್ನ ಕೇಳಿ."

ತಾರಸಿಗೆ ಹೋಗಿ ನೋಡೋಣವೆಂದರೆ ಇವರಿಗೆ ಮಂಡಿನೋವು, ಮೇಲೆ ಚಳಿ. ಮಫ್ಲರ್ ಸುತ್ತಿಕೊಂಡು ಮಗಳ ಬಾಗಿಲಲ್ಲಿ ನಿಂತರು. "ಶ್ರುತಿ, ಎಷ್ಟು ಹೊತ್ತಿಗಮ್ಮ ಚಂದ್ರ?"

"ನಾನು ಬಿಟ್ಟಿದೀನಲ್ಲಪ್ಪ."

"ಅಂದಾಜಿಗೆ ಹೇಳೆ."

"ವ್ರತಕ್ಕೆ ಅಂದಾಜು ಹೇಳಕ್ಕಾಗುತ್ತಾ? ಲೆಕ್ಕ ಹಾಕಬೇಕು. ಪುಸ್ತಕ ಅಟ್ಟದ ಮೇಲಿದೆ."

ಆಮೇಲೆ ಸ್ಟೂಲ್ ಎಳೆದ ಸದ್ದು, ಕೂಲರ್ ಸರಿಸಿದ ಸದ್ದು, ಸೀನು, ಮತ್ತೆ ಸೀನು. "ಯಾವುದೇ? ಕೆಂಪು ರಟ್ಟಿಂದಾ?" "ಅದೂ, ಅದರ ಕೆಳಗಿನ ದಪ್ಪದ್ದೂ."

ಚಳಿಗಾಲದಲ್ಲಿ ಚಂದ್ರ ಬೇಗ ಬರುತ್ತಾನೆಂದು ಮಗಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ನೆನಪಿಡುವ ಅಗತ್ಯವೂ ಇರಲಿಲ್ಲ. ಅವನು ಆಗಲೇ ಬೇವಿನ ಮರದ ಎಡಕ್ಕೆ, ಅಡುಗೆಮನೆಯ ಕಿಟಕಿಯಲ್ಲಿ, ಮಂಜಿನೊಳಗೆ ಮಾಸಲಾಗಿ ಬಂದು ನಿಂತಿದ್ದ. ನಾನು ಪರದೆ ಎಳೆದೆ.

ಪೆನ್ಸಿಲು ಚೂಪು ಮಾಡಲು ಚಾಕು ಹುಡುಕುತ್ತ ಶ್ರುತಿ ಒಳಗೆ ಬಂದಳು. ಪರದೆಯ ಅಂಚು ಎತ್ತಿ ಹೊರಗೆ ನೋಡಿದಳು. ನನ್ನನ್ನು ನೋಡಿದಳು. ಪರದೆಯನ್ನು ಮೊದಲಿದ್ದ ಹಾಗೇ ಬಿಟ್ಟು, "ಅಪ್ಪಾ, ಇನ್ನೊಂದು ಪುಸ್ತಕಾನೂ ಬೇಕಾಗುತ್ತೆ, ಹಸಿರು ರಟ್ಟಿಂದು" ಎನ್ನುತ್ತ ಹೋದಳು.

ಅವತ್ತು ಊಟವಾದದ್ದು ತುಂಬ ತಡವಾಗಿ. ಕಡುಬು ಮುರಿಯುತ್ತ ಇವರು ತಟ್ಟೆ ನೋಡಿಕೊಂಡೇ, "ಆ ಪುಸ್ತಕಗಳನ್ನ ಮತ್ತೆ ಅಟ್ಟಕ್ಕೆ ಹಾಕೋದು ನನ್ನ ಕೈಲಾಗಲ್ಲ. ಇನ್ನೊಂದು ಸಲ ಬರೀಲಿ" ಎಂದರು. ಬ್ಯಾಂಕಿನ ಕೋಚಿಂಗಿಗೆ ಅವಳು ಹೋಗಲಿಲ್ಲ. ಮತ್ತೆ ಎರಡು ಬಸ್ಸು, ಮತ್ತೆ ಅದೇ ಪೇಪರು. ಪಾಸಾಗುತ್ತಾಳೆಂಬ ಧೈರ್ಯ ನನಗಿಲ್ಲ, ಪಾಸಾದರೂ ಭಾಭೀಜಿಯ "ಅದಾದ ಮೇಲೆ?"ಗೆ ಉತ್ತರವಿಲ್ಲ. ಹರಕೆ ಮುಂದುವರಿದಿದೆ. ನನ್ನ ಚಿಂತೆ ಈಗ ಬೇರೆ. ಚಂದ್ರ ಬಂದ ಮೇಲೂ ಹಸಿದು ಕೂತಿದ್ದೆನಲ್ಲ, ಆ ಹೊತ್ತನ್ನು ಗಣಪ ಉಪವಾಸದ ಕಡೆ ಬರೆದುಕೊಂಡನೋ, ಸುಳ್ಳಿನ ಕಡೆ ಬರೆದುಕೊಂಡನೋ. ಮಗಳನ್ನು ಕೇಳಿದರೆ, "ಆ ಲೆಕ್ಕ ನಮ್ಮ ಸಿಲಬಸ್‌ನಲ್ಲಿಲ್ಲ" ಎನ್ನುತ್ತಾಳೆ.